ಆನರ್ಸ್‌ಗೆ ಅಪ್ಲೈ ಮಾಡೋಕ್ ಮುಂಚೆ, ಯಾವ ಆನರ್ಸ್ ಅಂತ ಕೇಳ್ಕೊಳ್ಳಿ

ಸೆಕೆಂಡ್ ಪಿಯು ರಿಸಲ್ಟ್ ಬಂತು ಅಂದ್ರೆ ಸಾಕು, ನನ್ನ ಫೋನಿಗೆ ಬಿಡುವಿರಲ್ಲ. ಡಿಗ್ರಿ ಕಾಲೇಜಲ್ಲಿ ಪಾಠ ಮಾಡ್ತಾಳೆ, ಇವಳಿಗೆ ಗೊತ್ತಿರತ್ತೆ ಅಂತ ನೆಂಟರು, ಎದುರು ಮನೆಯವ್ರು, ಹಾಲು ಹಾಕೋ ಅಣ್ಣ ಕೂಡ ಮಗಳ ಮಾರ್ಕ್ಸ್ ಕಾರ್ಡ್ ಫೋಟೋ ಕಳ್ಸಿ ಕೇಳೋದು ಒಂದೇ, "ಮೇಡಂ, ಆನರ್ಸ್ ಅಂತಾರಲ್ಲ, ಅದಕ್ಕೆ ಹಾಕ್ಬೇಕಾ?" ನಾನು ವಾಪಸ್ ಕೇಳ್ತೀನಿ, ಯಾವ ಆನರ್ಸ್? ಆ ಕಡೆ ಸುಮ್ನಾಗ್ಬಿಡ್ತಾರೆ. ಅವರ ತಪ್ಪೇನಿಲ್ಲ, ಒಂದೇ ಪದವನ್ನ ನಾಲ್ಕೈದು ಬೇರೆ ಬೇರೆ ಸಂಗತಿಗಳಿಗೆ ಅಂಟಿಸಿಟ್ಟಿದಾರೆ, ಒಂದೊಂದಕ್ಕೂ ಅಪ್ಲೈ ಮಾಡೋ ದಾರಿ ಬೇರೆ, ಟೈಮ್ ಬೇರೆ, ದುಡ್ಡು ಬೇರೆ. ಅದನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ.

ಮೊದಲು ಎಲ್ಲಕ್ಕಿಂತ ಹೆಚ್ಚು ಗೊಂದಲ ಆಗಿರೋದು, ನಾಲ್ಕು ವರ್ಷದ ಡಿಗ್ರಿ ಆನರ್ಸ್. 2020ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತಲ್ಲ, ಎನ್‌ಇಪಿ ಅಂತಾರಲ್ಲ ಅದು, 2021ರ ಆಗಸ್ಟಲ್ಲಿ ಕರ್ನಾಟಕ ಸರ್ಕಾರ ಎಲ್ಲಾ ರಾಜ್ಯಗಳಿಗಿಂತ ಮುಂಚೆ ಅದನ್ನ ಡಿಗ್ರಿಗೆ ಜಾರಿ ಮಾಡ್ತು. ಮೂರು ವರ್ಷ ಓದಿದ್ರೆ ಮಾಮೂಲಿ ಡಿಗ್ರಿ, ನಾಲ್ಕನೇ ವರ್ಷನೂ ಓದಿದ್ರೆ ಆನರ್ಸ್. ಆಮೇಲೆ ಸರ್ಕಾರ ಬದಲಾಯ್ತು, ರಾಜ್ಯ ಶಿಕ್ಷಣ ನೀತಿಗೆ ಅಂತ ಸುಖದೇವ್ ಥೋರಟ್ ಅವರ ಆಯೋಗ ಆಯ್ತು, ಅವರ ಮಧ್ಯಂತರ ವರದಿ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಬಂತು, 2024-25ರಿಂದ ಸರ್ಕಾರಿ ವಿಶ್ವವಿದ್ಯಾಲಯಗಳ ಕೆಳಗಿರೋ ಕಾಲೇಜುಗಳಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ. ಅದಕ್ಕೂ ಮುಂಚೆ ಮೂರು ಬ್ಯಾಚ್ ಸೇರಿದ್ರಲ್ಲ, 2021, 2022, 2023ರಲ್ಲಿ, ಅವರಿಗೆ ಮಾತ್ರ ಎನ್‌ಇಪಿ ಪದ್ಧತಿಯಲ್ಲೇ ಮುಂದುವರಿಯೋಕೆ, ಬೇಕಂದ್ರೆ ನಾಲ್ಕನೇ ವರ್ಷ ಓದೋಕೆ ಅವಕಾಶ ಇಟ್ರು. ಹಾಗಾಗಿ ಬೆಂಗಳೂರು ವಿಶ್ವವಿದ್ಯಾಲಯ, ಬೆಂಗಳೂರು ನಗರ ವಿಶ್ವವಿದ್ಯಾಲಯ ಇವುಗಳ ಕೆಳಗಿರೋ ಕಾಲೇಜಿಗೆ ರಾಜ್ಯ ಸರ್ಕಾರದ ಯುಯುಸಿಎಂಎಸ್ ಪೋರ್ಟಲಲ್ಲಿ ಅಪ್ಲಿಕೇಶನ್ ಹಾಕಿ ಬಿಕಾಂ ಸೇರೋ ಮಗುಗೆ "ನಾಲ್ಕನೇ ವರ್ಷ ಆನರ್ಸ್ ಸಿಗತ್ತೆ" ಅಂತ ಯಾರಾದ್ರೂ 2021ರ ಮಾತು ಹೇಳಿದ್ರೆ ನಂಬಿ ಕೂರ್ಬೇಡಿ, ಈ ವರ್ಷದ ಪ್ರಾಸ್ಪೆಕ್ಟಸ್ ತೆಗೆದು ಎಷ್ಟು ಸೆಮಿಸ್ಟರ್ ಅಂತ ನೋಡಿ. ಡೀಮ್ಡ್ ಮತ್ತು ಪ್ರೈವೇಟ್ ಯೂನಿವರ್ಸಿಟಿಗಳಲ್ಲಿ ನಾಲ್ಕು ವರ್ಷದ ಆನರ್ಸ್ ಈಗಲೂ ಉಂಟು, ಅವು ಯುಜಿಸಿ, ಅಂದ್ರೆ ಕೇಂದ್ರದ ವಿಶ್ವವಿದ್ಯಾಲಯ ಅನುದಾನ ಆಯೋಗದ ಚೌಕಟ್ಟು ಹಿಡ್ಕೊಂಡು ನಡೆಸ್ತಾವೆ.

ಆ ಚೌಕಟ್ಟು ಅರ್ಥ ಆದ್ರೆ ಮುಕ್ಕಾಲು ಕೆಲಸ ಮುಗೀತು, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಎಲ್ಲಾ ನಿಂತಿರೋದು ಕ್ರೆಡಿಟ್ ಅನ್ನೋ ಲೆಕ್ಕದ ಮೇಲೆ. ಒಂದು ಕ್ರೆಡಿಟ್ ಅಂದ್ರೆ ವಾರಕ್ಕೊಂದು ಗಂಟೆ ಪಾಠದ ಹಾಗೆ ಸೆಮಿಸ್ಟರ್ ಪೂರ್ತಿ, ಸುಮಾರು 15 ಗಂಟೆ. ಲ್ಯಾಬ್, ಫೀಲ್ಡ್ ವರ್ಕ್ ಆದ್ರೆ ಅದರ ಎರಡರಷ್ಟು, 30 ಗಂಟೆ ಮಾಡಿದ್ರೆ ಒಂದು ಕ್ರೆಡಿಟ್. 2022ರ ಡಿಸೆಂಬರಲ್ಲಿ ಯುಜಿಸಿ ಹೊರಡಿಸಿದ ಚೌಕಟ್ಟಲ್ಲಿ ಮೂರು ವರ್ಷದ ಡಿಗ್ರಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160. ಅದರಲ್ಲಿ ಅರ್ಧ, ಅಂದ್ರೆ 80, ನಿಮ್ಮ ಮೇಜರ್ ಸಬ್ಜೆಕ್ಟಲ್ಲೇ ಇರ್ಬೇಕು. ಮಿಕ್ಕಿದ್ದು ಮೈನರ್, ಭಾಷೆ, ಸ್ಕಿಲ್ ಕೋರ್ಸ್, ಇಂಟರ್ನ್‌ಶಿಪ್ ಹೀಗೆ ಹಂಚ್ಕೊಳ್ಳತ್ತೆ. ಗಳಿಸಿದ ಕ್ರೆಡಿಟ್ಟೆಲ್ಲ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅನ್ನೋ ಖಾತೆಯಲ್ಲಿ ಜಮಾ ಆಗತ್ತೆ, ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ, ಅದಕ್ಕೇ ಸೇರೋವಾಗ ಅಪಾರ್ ಐಡಿ, ಅಂದ್ರೆ ಒಬ್ಬೊಬ್ಬ ವಿದ್ಯಾರ್ಥಿಗೂ ಇರೋ ನಂಬರ್, ಕೇಳೋದು.

ಈಗ ಇನ್ನೊಂದು ಕವಲು. ನಾಲ್ಕು ವರ್ಷ ಓದಿದ್ರೂ ಸರ್ಟಿಫಿಕೇಟಲ್ಲಿ ಎರಡು ತರ ಬರತ್ತೆ, ಬರೀ "ಆನರ್ಸ್" ಒಂದು, "ಆನರ್ಸ್ ವಿತ್ ರಿಸರ್ಚ್" ಇನ್ನೊಂದು. ಎರಡನೇದಕ್ಕೆ ನಾಲ್ಕನೇ ವರ್ಷದಲ್ಲಿ ಒಬ್ರು ಗೈಡ್ ಕೆಳಗೆ 12 ಕ್ರೆಡಿಟ್ ಪ್ರಾಜೆಕ್ಟ್ ಮಾಡಿ ಥೀಸಿಸ್ ತರದ್ದು ಬರೀಬೇಕು, ರಿಸರ್ಚ್ ಬೇಡ ಅಂದೋರು ಆ 12 ಕ್ರೆಡಿಟ್ ಬದಲಿಗೆ ಬೇರೆ ಕೋರ್ಸು ತಗೋಬಹುದು. ಮತ್ತೆ ರಿಸರ್ಚ್ ದಾರಿಗೆ ಹೋಗ್ಬೇಕಂದ್ರೆ ಮೊದಲ ಆರು ಸೆಮಿಸ್ಟರಲ್ಲಿ 75 ಪರ್ಸೆಂಟ್ ಅಥವಾ ಅದಕ್ಕಿಂತ ಮೇಲೆ ಇರ್ಬೇಕು. ಈ 75ರ ವಿಷಯ ಮಕ್ಕಳಿಗೆ ಮೂರನೇ ವರ್ಷದಲ್ಲಿ ಗೊತ್ತಾಗತ್ತೆ, ಅಷ್ಟೊತ್ತಿಗೆ ನೀರು ತಲೆ ಮೇಲೆ ಹರಿದಿರತ್ತೆ. ಲೆಕ್ಕ ನೋಡಿ: ಎಲ್ಲಾ ಸೆಮಿಸ್ಟರಿಗೂ ಒಂದೇ ಸಮ ಕ್ರೆಡಿಟ್ ಅಂತಿಟ್ಕೊಂಡ್ರೆ, ಫಸ್ಟ್ ಸೆಮ್‌ನಲ್ಲಿ ಹಾಸ್ಟೆಲ್ ಹೊಸದು, ಇಂಗ್ಲಿಷ್ ಪಾಠ ಹೊಸದು ಅಂತ 58 ಬಂತು, ಆಮೇಲಿನ ಐದರಲ್ಲಿ ಸರಾಸರಿ 78.4 ತೆಗೆದ್ರೆ 75 ಮುಟ್ಟತ್ತೆ. ಎರಡನೇ ಸೆಮ್‌ನಲ್ಲೂ 64ಕ್ಕೆ ನಿಂತ್ರೆ ಉಳಿದ ನಾಲ್ಕೂ ಸೆಮ್ 82 ಬೇಕು. ಹಳ್ಳಿಯಿಂದ ಬಂದು ಕನ್ನಡ ಮೀಡಿಯಮ್‌ನಿಂದ ನೇರ ಇಂಗ್ಲಿಷಿಗೆ ಬಿದ್ದ ಮಕ್ಕಳು ಫಸ್ಟ್ ಸೆಮ್‌ನಲ್ಲೇ ಕುಸಿಯೋದು, ನಾನು ಪ್ರತಿ ವರ್ಷ ನೋಡ್ತೀನಿ, ಸಂಕಟ ಆಗತ್ತೆ, ಯಾಕಂದ್ರೆ ಅವರಲ್ಲೇ ಕೆಲವರು ಮೂರನೇ ವರ್ಷಕ್ಕೆ ಕ್ಲಾಸಲ್ಲಿ ಎಲ್ಲರಿಗಿಂತ ಚೆನ್ನಾಗಿ ಪ್ರಶ್ನೆ ಕೇಳೋರು. ಅದಕ್ಕೇ ಸೇರಿದ ಮೊದಲನೇ ವಾರನೇ ಈ ನಂಬರ್ ಅವರ ಕಿವಿಗೆ ಹಾಕಿ.

ನಾಲ್ಕನೇ ವರ್ಷ ಓದಿ ಏನು ಉಪಯೋಗ ಅಂತ ಅಪ್ಪ ಅಮ್ಮ ಕೇಳೋದು ನ್ಯಾಯವಾದ ಪ್ರಶ್ನೆ, ಒಂದು ವರ್ಷದ ಫೀಸು, ಒಂದು ವರ್ಷದ ಸಂಬಳ ಎರಡೂ ಲೆಕ್ಕಕ್ಕೆ ಬರತ್ತೆ. ಉಪಯೋಗ ಇರೋದು ಮುಖ್ಯವಾಗಿ ಮುಂದೆ ಓದೋರಿಗೆ. 2022ರ ಯುಜಿಸಿ ಪಿಎಚ್‌ಡಿ ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿಯಲ್ಲಿ 75 ಪರ್ಸೆಂಟ್ ಇದ್ರೆ ಎಂಎ, ಎಂಎಸ್ಸಿ ಇಲ್ಲದೆ ಸೀದಾ ಪಿಎಚ್‌ಡಿಗೆ ಅರ್ಜಿ ಹಾಕಬಹುದು, ಎಸ್‌ಸಿ, ಎಸ್‌ಟಿ, ಒಬಿಸಿ, ಅಂಗವಿಕಲ ವಿದ್ಯಾರ್ಥಿಗಳಿಗೆಲ್ಲ ಅದರಲ್ಲಿ 5 ಪರ್ಸೆಂಟ್ ರಿಯಾಯಿತಿಗೂ ಅವಕಾಶ ಇದೆ. ಕಾಲೇಜಲ್ಲಿ ಪಾಠ ಮಾಡೋ ಅರ್ಹತೆಗೆ ಇರೋ ನೆಟ್ ಪರೀಕ್ಷೆಗೂ 2024ರಿಂದ ಇವರು ಕೂರಬಹುದು. ಮಾಸ್ಟರ್ಸ್ ಮಾಡ್ತೀನಿ ಅಂದ್ರೆ ಎರಡು ವರ್ಷದ ಬದಲು ಒಂದೇ ವರ್ಷದ ಮಾಸ್ಟರ್ಸ್‌ಗೂ ದಾರಿ ಇದೆ. ಡಿಗ್ರಿ ಮುಗಿಸಿ ತಕ್ಷಣ ಕೆಲಸ, ಬ್ಯಾಂಕ್ ಎಕ್ಸಾಮ್, ಕೆಪಿಎಸ್‌ಸಿ ಅಂತ ಹೊರಡೋ ಮಗುಗೆ ಮೂರು ವರ್ಷದ ಡಿಗ್ರಿ ಸಾಕು, ಅದಕ್ಕೆ ಮುಖ ಸಣ್ಣ ಮಾಡ್ಕೊಳ್ಳೋ ಅಗತ್ಯವೇ ಇಲ್ಲ, ಇದನ್ನ ಖಂಡಿತವಾಗಿ ಹೇಳ್ತೀನಿ.

ಆದ್ರೆ ಕಾಲೇಜಿನವರು "ಆನರ್ಸ್ ಇದೆ" ಅಂದ ಮಾತ್ರಕ್ಕೆ ರಿಸರ್ಚ್ ಇರತ್ತೆ ಅಂತಲ್ಲ. ನಮ್ಮ ಹಿಂದಿನ ಬೀದಿ ಹುಡುಗ 2022ರಲ್ಲಿ ಒಂದು ಕಾಲೇಜು ಸೇರಿದ್ದ, ಬ್ರೋಷರಲ್ಲಿ ದಪ್ಪ ಅಕ್ಷರದಲ್ಲಿ ಆನರ್ಸ್ ಅಂತಿತ್ತು, ಆರನೇ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಹೋಗಿ ಕೇಳಿದ್ರೆ ಏಳನೇ ಸೆಮ್‌ಗೆ ಹೆಸರು ಕೊಟ್ಟಿರೋರು ಇಬ್ರೇ, ಇಬ್ರಿಗೋಸ್ಕರ ನಡ್ಸಕ್ಕಾಗಲ್ಲ ಅಂದ್ಬಿಟ್ರು. ಅವನ ಅಮ್ಮ ನನ್ನ ಮುಂದೆ ಕೂತು ಅತ್ತಿದ್ದು ಇನ್ನೂ ಕಣ್ಣಲ್ಲೇ ಇದೆ. ಹಾಗಾಗಿ ಸೇರೋಕೆ ಮುಂಚೆ ಡಿಪಾರ್ಟ್‌ಮೆಂಟಿಗೇ ಹೋಗಿ ಕೇಳಿ, ಆಫೀಸ್ ಕೌಂಟರಲ್ಲಿ ಕೇಳಿದ್ರೆ ಅವರಿಗೂ ಗೊತ್ತಿರಲ್ಲ. ಕಳೆದ ವರ್ಷ ನಾಲ್ಕನೇ ವರ್ಷದಲ್ಲಿ ಎಷ್ಟು ಜನ ಓದಿದ್ರು, ಪಿಎಚ್‌ಡಿ ಗೈಡ್ ಆಗೋ ಅರ್ಹತೆ ಇರೋ ಪರ್ಮನೆಂಟ್ ಮೇಷ್ಟ್ರು ಎಷ್ಟು ಜನ ಇದಾರೆ, ಅಂತ. ರಿಸರ್ಚ್ ಆನರ್ಸ್ ನಡೆಸ್ಬೇಕಂದ್ರೆ ಅಂಥೋರು ಕನಿಷ್ಠ ಇಬ್ರು, ಜೊತೆಗೆ ಲೈಬ್ರರಿ, ಜರ್ನಲ್, ಲ್ಯಾಬ್ ಸೌಕರ್ಯ ಇರ್ಬೇಕು ಅಂತ ಯುಜಿಸಿನೇ ಹೇಳಿದೆ, ಕೇಳೋದು ನಿಮ್ಮ ಹಕ್ಕು. ಸಾಧ್ಯ ಆದ್ರೆ ಹಳೇ ವಿದ್ಯಾರ್ಥಿಯ ಪ್ರಾಜೆಕ್ಟ್ ರಿಪೋರ್ಟ್ ಒಂದನ್ನ ತೋರ್ಸಿ ಅನ್ನಿ.

ಇನ್ನು ಹೆಸರಲ್ಲಿ ಆನರ್ಸ್ ಇಲ್ಲದೇ ಇದ್ರೂ ಸ್ವಭಾವದಲ್ಲಿ ಅದೇ ಆಗಿರೋದು ನಮ್ಮೂರಲ್ಲೇ ಇದೆ, ಯಶವಂತಪುರದ ಹತ್ರ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್, ಐಐಎಸ್‌ಸಿ. 1909ರಲ್ಲಿ ಶುರುವಾದ ಸಂಸ್ಥೆ, ಪಿಯುಸಿ ಮುಗಿಸಿದ ಮಕ್ಕಳಿಗೆ ಬಾಗಿಲು ತೆಗೆದದ್ದು 2011ರಲ್ಲಿ, ನಾಲ್ಕು ವರ್ಷದ ಬಿಎಸ್, ಈಗ ಅದಕ್ಕೆ ಬಿಎಸ್ಸಿ ರಿಸರ್ಚ್ ಅಂತಾರೆ. ಕೊನೇ ವರ್ಷದಲ್ಲಿ ಪ್ರಾಜೆಕ್ಟಿಗೇ ಹೆಚ್ಚಿನ ಜಾಗ. ಸೀಟು ಸಿಗೋದು ಐಸರ್ ಅನ್ನೋ ಕೇಂದ್ರದ ವಿಜ್ಞಾನ ಸಂಸ್ಥೆಗಳ ಆಪ್ಟಿಟ್ಯೂಡ್ ಟೆಸ್ಟ್, ಜೆಇಇ ತರದ ರಾಷ್ಟ್ರಮಟ್ಟದ ಪರೀಕ್ಷೆ ರ‍್ಯಾಂಕ್ ಮೇಲೆ, ಹಿಂದೆ ಕೆವಿಪಿವೈ ಅಂತ ಒಂದು ಪರೀಕ್ಷೆ ಇತ್ತಲ್ಲ ಅದು ನಿಂತು ಹೋಯ್ತು, ಹಳೇ ಕೋಚಿಂಗ್ ನೋಟ್ಸ್ ನೋಡಿ ಅದಕ್ಕಾಗಿ ಕಾಯ್ಬೇಡಿ. ಸರ್ಜಾಪುರ ಕಡೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಬಿಎ, ಬಿಎಸ್ಸಿ ಆನರ್ಸ್ ನಾಲ್ಕು ವರ್ಷ, ಅಲ್ಲಿ ಅವರದ್ದೇ ಪ್ರವೇಶ ಪರೀಕ್ಷೆ, ಆಮೇಲೆ ಇಂಟರ್‌ವ್ಯೂ, ಮನೆ ಆದಾಯ ನೋಡಿ ಸ್ಕಾಲರ್‌ಶಿಪ್. ನಾಗರಭಾವಿಯ ಲಾ ಸ್ಕೂಲಿನ ಐದು ವರ್ಷದ ಬಿಎ ಎಲ್‌ಎಲ್‌ಬಿ ಕೂಡ ಆನರ್ಸೇ, ಆದ್ರೆ ಅಲ್ಲಿ ಆನರ್ಸ್ ಅನ್ನೋದು ಕೋರ್ಸಿನ ಹೆಸರಲ್ಲೇ ಸೇರಿರೋದು, ಪ್ರತ್ಯೇಕ ಅರ್ಜಿ ಇಲ್ಲ, ಕ್ಲ್ಯಾಟ್ ಬರೆದು ಒಳಗೆ ಹೋಗ್ಬೇಕು ಅಷ್ಟೇ.

ಎಂಜಿನಿಯರಿಂಗ್ ಮಕ್ಕಳ ಆನರ್ಸ್ ಪೂರಾ ಬೇರೆ. ಅಲ್ಲಿ ವರ್ಷ ಹೆಚ್ಚಾಗಲ್ಲ, ಅದೇ ನಾಲ್ಕು ವರ್ಷದೊಳಗೆ ಎಕ್ಸ್‌ಟ್ರಾ ಕ್ರೆಡಿಟ್ ಮಾಡ್ಬೇಕು, ಎಂಜಿನಿಯರಿಂಗ್ ಕಾಲೇಜುಗಳನ್ನ ನೋಡ್ಕೊಳ್ಳೋ ಎಐಸಿಟಿಇ ಮಾದರಿಯಲ್ಲಿ 18ರಿಂದ 20, ಸಾಮಾನ್ಯವಾಗಿ ಸ್ವಯಂ ಅಥವಾ ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸು ತಗೊಂಡು ಸೆಂಟರಿಗೆ ಹೋಗಿ ಎಕ್ಸಾಮ್ ಬರೆದು. ಸಿಜಿಪಿಎ ಮಿತಿ, ಯಾವ ಸೆಮಿಸ್ಟರಲ್ಲಿ ಹೆಸರು ನೋಂದಾಯಿಸ್ಬೇಕು ಇದೆಲ್ಲ ನಿಮ್ಮ ಸ್ಕೀಮ್, ಅಂದ್ರೆ ನಿಮ್ಮ ಬ್ಯಾಚಿಗೆ ಅನ್ವಯ ಆಗೋ ಸಿಲಬಸ್ ವರ್ಷದ ರೆಗ್ಯುಲೇಶನಲ್ಲಿ ಇರತ್ತೆ, ಸೀನಿಯರ್ಸ್ ಸ್ಕೀಮ್ ನಿಮಗೆ ಅನ್ವಯ ಆಗಲ್ಲ.

ಅಮೆರಿಕದಲ್ಲಿರೋ ನೆಂಟರು "ನಮ್ಮ ಮಗ ಆನರ್ಸ್ ಕಾಲೇಜು" ಅಂದ್ರೆ ಅದೂ ಇನ್ನೊಂದು. ಅಲ್ಲಿ ದೊಡ್ಡ ಯೂನಿವರ್ಸಿಟಿ ಒಳಗೇ ಚಿಕ್ಕ ಗುಂಪು, ಉದಾಹರಣೆಗೆ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಬ್ಯಾರೆಟ್ ಆನರ್ಸ್ ಕಾಲೇಜ್. ಸಣ್ಣ ಕ್ಲಾಸು, ಕೊನೆಗೆ ಥೀಸಿಸ್. ಯೂನಿವರ್ಸಿಟಿಗೆ ಒಂದು ಅರ್ಜಿ, ಆನರ್ಸ್‌ಗೆ ಮತ್ತೊಂದು ಅರ್ಜಿ, ಪ್ರಬಂಧ ಬೇರೆ, ಕೊನೇ ದಿನಾಂಕನೂ ಎಷ್ಟೋ ಕಡೆ ಬೇರೆ. ಇಲ್ಲಿಂದ ಅಪ್ಲೈ ಮಾಡೋ ಮಕ್ಕಳು ಮೊದಲನೇದು ಹಾಕಿ ಎರಡನೇದು ಮರೀತಾರೆ.

ಪ್ರಬಂಧ ಅಂದೆನಲ್ಲ, ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಅಂತಾರೆ, ಮಾರ್ಕ್ಸ್ ಜೊತೆಗೆ ಇಂಟರ್‌ವ್ಯೂನೂ ಇಟ್ಟು ಸೀಟು ಕೊಡೋ ಕಡೆ ತೂಕ ಬರೋದು ಇದಕ್ಕೇ, ಮಕ್ಕಳು ಹೆದರೋದೂ ಇದಕ್ಕೇ. ನಮ್ಮ ಅಕ್ಕನ ಮಗಳದ್ದು ಹೇಳ್ತೀನಿ. ಎಕನಾಮಿಕ್ಸ್ ಆನರ್ಸ್‌ಗೆ ಹಾಕ್ತಿದ್ಲು, ಬರ್ಕೊಂಡು ಬಂದಿದ್ದು ಹೀಗೆ ಶುರುವಾಗ್ತಿತ್ತು: "ಚಿಕ್ಕಂದಿನಿಂದಲೂ ನನಗೆ ಅರ್ಥಶಾಸ್ತ್ರದಲ್ಲಿ ಅಪಾರ ಆಸಕ್ತಿ." ನಾನು ಹಾಳೆ ಮಗುಚಿಟ್ಟು ಕೇಳ್ದೆ, "ಪುಟ್ಟಿ, ಇದನ್ನ ಬಿಡು, ನೀನಾಗೇ ಯಾರೂ ಹೇಳ್ದೆ ಕೂತು ಲೆಕ್ಕ ಹಾಕಿರೋದು ಏನಾದ್ರೂ ಇದ್ಯಾ?" ಸ್ವಲ್ಪ ಹೊತ್ತು ಯೋಚ್ನೆ ಮಾಡಿ, "ಟ್ಯಾಂಕರ್ ಬುಕ್ ಇದೆ ಚಿಕ್ಕಮ್ಮ, ಅದು ಆಗಲ್ಲ ಅಲ್ವಾ" ಅಂದ್ಲು.

ಅವರಿರೋದು ಹೊರಮಾವು ಕಡೆ, ನಾಲ್ಕು ಮನೆ ಇರೋ ಬಿಲ್ಡಿಂಗು. 2024ರ ಬೇಸಿಗೆಯಲ್ಲಿ ಬೋರ್ ಒಣಗಿ ಟ್ಯಾಂಕರೇ ಗತಿ ಆದಾಗ ಓನರ್ ಆಂಟಿ ಇವಳ ಕೈಗೆ ಒಂದು ರೂಲ್ಡ್ ನೋಟ್‌ಬುಕ್ ಕೊಟ್ಟು ಲೆಕ್ಕ ಇಡು ಅಂದಿದ್ರಂತೆ. ಇವಳು ನಾಲ್ಕು ಕಾಲಂ ಹಾಕಿದ್ಲು: ಫೋನ್ ಮಾಡಿದ ದಿನ, ಗಾಡಿ ಬಂದ ದಿನ, ಎಷ್ಟು ಲೀಟರ್, ಎಷ್ಟು ದುಡ್ಡು. ಮಾರ್ಚ್ ಶುರುವಲ್ಲಿ 6,000 ಲೀಟರಿಗೆ 1,200, 1,500 ಅಂತ ಇದೆ, ಫೋನ್ ಮಾಡಿದ ಮಾರನೇ ದಿನ ಗಾಡಿ. ಆ ತಿಂಗಳೇ ಜಿಲ್ಲಾಡಳಿತ ರೇಟ್ ಫಿಕ್ಸ್ ಮಾಡ್ತಲ್ಲ, 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600, 12,000ಕ್ಕೆ 1,000 ಅಂತ, ಅಲ್ಲಿಂದ ಮುಂದೆ ಬುಕ್ಕಲ್ಲಿ ದುಡ್ಡಿನ ಕಾಲಂ ಇಳೀತಾ ಹೋಗತ್ತೆ, ಆದ್ರೆ ಫೋನ್ ಮಾಡಿದ ದಿನಕ್ಕೂ ಗಾಡಿ ಬಂದ ದಿನಕ್ಕೂ ನಡುವಿನ ಅಂತರ ನಾಲ್ಕು ದಿನ, ಐದು ದಿನ ಆಗತ್ತೆ. ಒಂದು ಕಡೆ ಪೆನ್ಸಿಲಲ್ಲಿ ಬರ್ದಿದ್ಲು, "ಬಿಲ್ ಇಲ್ಲದೆ 1,000 ಕೊಟ್ಟರೆ ಇವತ್ತೇ ಬರ್ತೀನಿ ಅಂದರು." ಆ ಹಾಳೆ ಓದ್ತಾ ನನ್ನ ಮೈ ಜುಂ ಅಂತು. ಬೆಲೆಗೆ ಮಿತಿ ಹಾಕಿದ್ರೆ ಕೊರತೆ ಸರದಿಯಾಗಿಯೋ ಕದ್ದು ಮಾರೋ ರೇಟಾಗಿಯೋ ಮೇಲೆ ಬರತ್ತೆ ಅಂತ ನಾವು ಬೋರ್ಡ್ ಮೇಲೆ ಗೆರೆ ಎಳೆದು ಪಾಠ ಮಾಡೋದನ್ನ ಈ ಹುಡುಗಿ ಸಂಪಿನ ಪಕ್ಕ ನಿಂತು ಬರ್ಕೊಂಡಿದಾಳೆ.

ಅಪಾರ ಆಸಕ್ತಿ ಅನ್ನೋ ಸಾಲು ಹೋಯ್ತು, ಆ ಪೆನ್ಸಿಲ್ ಸಾಲು ಮೊದಲಿಗೆ ಬಂತು. ಬರ್ದಿದ್ದು ಮೊದಲು ಕನ್ನಡದಲ್ಲೇ, ನಾನೇ ಹಾಗೆ ಹೇಳಿದ್ದು, ಯಾಕಂದ್ರೆ ಇಂಗ್ಲಿಷಲ್ಲಿ ಶುರು ಮಾಡಿದ್ರೆ ಮಕ್ಕಳು ತಮಗೆ ಬರೋ ನಾಲ್ಕು ದೊಡ್ಡ ಪದಗಳ ಹಿಂದೆ ಹೋಗ್ತಾರೆ, ಹೇಳ್ಬೇಕಾದ್ದು ಉಳ್ದೋಗತ್ತೆ. ಆಮೇಲೆ ಕೂತು ಚಿಕ್ಕ ಚಿಕ್ಕ ವಾಕ್ಯದ ಇಂಗ್ಲಿಷಿಗೆ ತಂದ್ವಿ. ಇಂಟರ್‌ವ್ಯೂನಲ್ಲಿ ಪ್ಯಾನೆಲ್‌ನವರು ಬೇರೆಲ್ಲ ಬಿಟ್ಟು ಅದನ್ನೇ ಹಿಡ್ಕೊಂಡ್ರಂತೆ, ಹಾಗಾದ್ರೆ ಸರ್ಕಾರ ರೇಟ್ ಫಿಕ್ಸ್ ಮಾಡಿದ್ದು ತಪ್ಪಾ ಅಂತ ಕೇಳಿದ್ರಂತೆ. ಇವಳು "ನನ್ನ ಹತ್ರ ಇರೋದು ಒಂದೇ ಬಿಲ್ಡಿಂಗ್ ಲೆಕ್ಕ ಸರ್, ಬೋರ್ ಇನ್ನಷ್ಟು ಒಣಗಿದ್ದಕ್ಕೂ ಗಾಡಿ ಲೇಟ್ ಆಗಿರಬಹುದು, ಇದರಿಂದ ಇಡೀ ಬೆಂಗಳೂರಿನ ವಿಷಯ ಹೇಳಕ್ಕಾಗಲ್ಲ" ಅಂದಳಂತೆ. ಸೀಟ್ ಸಿಕ್ತು. ಆನರ್ಸ್‌ಗೆ ಆಯ್ಕೆ ಮಾಡೋರು ಹುಡುಕೋದು ಇದನ್ನೇ ಅಂತ ನನ್ನ ನಂಬಿಕೆ, ತಾನೇ ನೋಡಿದ್ದು ಎಷ್ಟು, ತನಗೆ ಗೊತ್ತಿಲ್ಲದ್ದು ಎಲ್ಲಿಂದ ಶುರು ಅಂತ ಹೇಳಬಲ್ಲ ಮಗು. ನಿಮ್ಮ ಮಗು ಹತ್ರ ಟ್ಯಾಂಕರ್ ಬುಕ್ ಇರಲ್ಲ, ಬೇರೆ ಏನೋ ಇರತ್ತೆ: ಅಜ್ಜಿ ಹಾಡೋ ಸೋಬಾನೆ ಪದ ಬರ್ಕೊಂಡಿರಬಹುದು, ಅಪ್ಪನ ಅಂಗಡಿ ಉದ್ರಿ ಲೆಕ್ಕ ಇರಬಹುದು, ಕೆರೆ ಏರಿ ಮೇಲೆ ಹಕ್ಕಿ ಎಣಿಸಿರಬಹುದು. ಅದು ಲೆಕ್ಕಕ್ಕಿಲ್ಲ ಅಂತ ಅವರೇ ಅಂದ್ಕೊಂಡಿರ್ತಾರೆ, ಕೂರಿಸ್ಕೊಂಡು ಕೇಳ್ಬೇಕು.

ರೆಕಮೆಂಡೇಶನ್ ಲೆಟರ್ ಕೇಳೋ ಕಡೆ ಪ್ರಿನ್ಸಿಪಾಲರ ಹತ್ರ ಓಡ್ಬೇಡಿ, ಮಗುನ ಹೆಸರು ಹಿಡಿದು ಕರೆಯೋ ಮೇಷ್ಟ್ರು ಯಾರೋ ಅವರ ಹತ್ರ ಹೋಗಿ, ಕಡೇಪಕ್ಷ ಎರಡು ವಾರ ಟೈಮ್ ಕೊಡಿ.

ಕಾಗದ ಪತ್ರದಲ್ಲಿ ನಮ್ಮ ಕಡೆ ಮಕ್ಕಳಿಗೆ ತೊಂದರೆ ಕೊಡೋದು ಇನಿಶಿಯಲ್. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಹೆಸರಿನ ಮುಂದೆ ಒಂದು ಅಕ್ಷರ, ಆಧಾರಲ್ಲಿ ಅದೇ ಅಕ್ಷರ ಹಿಂದೆ, ಜಾತಿ ಪ್ರಮಾಣ ಪತ್ರದಲ್ಲಿ ಅಪ್ಪನ ಪೂರ್ತಿ ಹೆಸರು. ಮನುಷ್ಯರಿಗೆ ಒಬ್ಬಳೇ ಹುಡುಗಿ, ಕಂಪ್ಯೂಟರಿಗೆ ಮೂರು ಜನ. ಅಪಾರ್ ಐಡಿ ಆಧಾರ್ ಜೊತೆ ತಾಳೆ ಆಗ್ಬೇಕು, ಅಲ್ಲೇ ಸಿಕ್ಕಾಕ್ಕೊಳ್ಳೋದು, ಅದಕ್ಕೆ ಪಿಯುಸಿ ಪರೀಕ್ಷೆ ಮುಗಿದು ರಿಸಲ್ಟಿಗೆ ಕಾಯ್ತಿರೋ ದಿನಗಳಲ್ಲೇ ಎಸ್ಎಸ್ಎಲ್‌ಸಿ ಕಾರ್ಡಲ್ಲಿ ಹೇಗಿದ್ಯೋ ಹಾಗೇ ಆಧಾರ್ ತಿದ್ದಿಸಿ. ಜಾತಿ ಮತ್ತು ಆದಾಯ ಪ್ರಮಾಣ ಪತ್ರಕ್ಕೂ ನಾಡಕಚೇರಿಗೆ ಆಗಲೇ ಅರ್ಜಿ ಹಾಕ್ಬಿಡಿ, ಆ ಪತ್ರದ ಮೇಲಿರೋ ಆರ್‌ಡಿ ನಂಬರ್ ಇಲ್ದೆ ರಾಜ್ಯ ಸರ್ಕಾರದ ಎಸ್ಎಸ್‌ಪಿ ಪೋರ್ಟಲಲ್ಲಿ ಸ್ಕಾಲರ್‌ಶಿಪ್ ಅರ್ಜಿ ಮುಂದಕ್ಕೆ ಹೋಗಲ್ಲ.

ಎರಡು ಮೂರು ಕಡೆ ಹಾಕಿರ್ತೀರ, ಒಂದರ ಲಿಸ್ಟ್ ಮೊದಲು ಬರತ್ತೆ, ಬೇಕಾಗಿದ್ದು ಆಮೇಲೆ ಬರತ್ತೆ, ಈ ಮಧ್ಯೆ ಸೀಟ್ ಹೋಗ್ಬಿಟ್ರೆ ಅಂತ ಹೆದರಿ ಫೀಸ್ ಕಟ್ಟಿರ್ತೀರ. ಅಂಥ ಟೈಮಿಗೆ ಫೀಸ್ ರೀಫಂಡ್ ಬಗ್ಗೆ ಯುಜಿಸಿ ನಿಯಮ ಇದೆ, 2024-25ಕ್ಕೆ ಸೆಪ್ಟೆಂಬರ್ 30ರೊಳಗೆ ಸೀಟು ಬಿಟ್ರೆ ಪೂರ್ತಿ ವಾಪಸ್, ಅಕ್ಟೋಬರ್ 31ರೊಳಗೆ ಬಿಟ್ರೆ 1,000 ರೂಪಾಯಿವರೆಗೆ ಮಾತ್ರ ಹಿಡ್ಕೋಬಹುದು ಅಂತ ಇತ್ತು, ನೀವು ಸೇರೋ ವರ್ಷದ ದಿನಾಂಕ ನೋಡ್ಕೊಂಡು ಕಟ್ಟಿ, ರಸೀದಿ ತಗೊಳ್ಳಿ. ಮತ್ತೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಳ್ತೀವಿ ಅಂದ್ರೆ ಕೊಡ್ಬೇಡಿ, ತೋರ್ಸಿ, ಅವರ ಎದುರಿಗೇ ಜೆರಾಕ್ಸ್ ಜೊತೆ ತಾಳೆ ನೋಡಿ ವಾಪಸ್ ಇಸ್ಕೊಳ್ಳಿ, ಒರಿಜಿನಲ್ ಹಿಡಿದಿಟ್ಕೊಳ್ಳೋ ಹಾಗಿಲ್ಲ ಅಂತ 2018ರಲ್ಲೇ ಯುಜಿಸಿ ಹೇಳಿದೆ. ಕೌಂಟರಲ್ಲಿ ಜೋರು ಮಾಡಿದ್ರೆ ಆ ಸೂಚನೆಯ ಪ್ರಿಂಟ್ ಒಂದು ಫೈಲಲ್ಲಿ ಇಟ್ಕೊಂಡು ಹೋಗಿ, ನಮ್ಮ ಪುಟ್ಟಿ ಫೈಲಲ್ಲಿ ಟ್ಯಾಂಕರ್ ಬುಕ್ಕಿನ ಜೆರಾಕ್ಸ್ ಹಿಂದೆ ನಾನೇ ಅದನ್ನ ಪಿನ್ ಮಾಡಿ ಕಳ್ಸಿದ್ದೆ.